ಗೋಡೆಯಾಚೆಯ ಶೇಖಪ್ಪ

ಹೊಟ್ಟೆಕಿಚ್ಚಿಗೆ ಏನಾದರೊಂದು ಕಾರಣ ಬೇಕು ಎನ್ನುವವರು ನಾಗಲಿಂಗಪ್ಪನನ್ನು ನೋಡಿಲ್ಲ. ಶೇಖಪ್ಪನ ಎತ್ತು ಸಗಣಿ ಹಾಕಿದರೂ ಅದು ತನ್ನ ಎತ್ತಿನ ಸಗಣಿಗಿಂತ ಒಂದು ಹಿಡಿ ಹೆಚ್ಚೇ ಇದ್ದಂತೆ ಅವನಿಗೆ ಕಾಣುತ್ತಿತ್ತು. ಇಬ್ಬರದೂ ಹಳಿಯಾಳದ ಮಗ್ಗುಲಿನ ಒಂದೇ ಊರು, ಒಂದೇ ಓಣಿ, ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇಬ್ಬರೂ ಜೋಯಿಡಾ ಕಡೆಯ ಕಾಡಿನಿಂದ ದಾಂಡೇಲಿಯ ಕಟ್ಟಿಗೆ ವಖಾರಿಗೆ ಚಕ್ಕಡಿಯಲ್ಲಿ ಸಾಗವಾನಿ ದಿಮ್ಮಿ ಹೇರಿ ತರುವವರು. ಬಾಡಿಗೆ ಒಂದೇ, ದಾರಿ ಒಂದೇ, ದಾರಿಯ ಹೊಂಡಗಳೂ ಅವೇ. ಆದರೂ ಊರಿನ ಮಂದಿ ಶೇಖಪ್ಪನ ಹೆಸರನ್ನು ಬಾಯಿ ತುಂಬ ಕರೆಯುತ್ತಾರೆ, ತನ್ನ ಹೆಸರನ್ನು ಏನೋ ಕೆಲಸ ಮಾಡುತ್ತ ಕರೆಯುತ್ತಾರೆ ಎಂಬುದು ನಾಗಲಿಂಗಪ್ಪನ ದೂರು. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ಮಹಾಯುದ್ಧ ಹತ್ತಿಕೊಂಡ ಮೇಲೆ ಕಟ್ಟಿಗೆಗೆ ಎಲ್ಲಿಲ್ಲದ ಗಿರಾಕಿ ಬಂತು. ದಾಂಡೇಲಿಯ ಸ್ಟೇಶನ್ನಿನಲ್ಲಿ ರೈಲಿನ ಡಬ್ಬಿಗಳು ದಿಮ್ಮಿಗಾಗಿ ಕಾಯುತ್ತ ನಿಲ್ಲತೊಡಗಿದವು. ವಖಾರಿಯ ಸಾಹುಕಾರ ಹುಸೇನಸಾಬರಿಗೆ ಒಬ್ಬರೇ ಎಲ್ಲವನ್ನೂ ನಿಭಾಯಿಸುವುದು ಕಷ್ಟವಾಯಿತು. ಚಕ್ಕಡಿಯವರನ್ನೂ ಕೂಲಿಯವರನ್ನೂ ಹಿಡಿತದಲ್ಲಿಡಲು ಒಬ್ಬ ಮುಕಾದಮ ಬೇಕು, ತಿಂಗಳ ಪಗಾರ, ವಖಾರಿಯ ಹಿಂದೆಯೇ ಇರಲು ಮನೆ ಎಂದು ಅವರು ಹೇಳಿ ಕಳಿಸಿದರು. ಆ ಸುದ್ದಿಯನ್ನು ಊರಿಗೆ ತಂದವರು ಮಠದ ಅಡಿವೆಯ್ಯನವರು.

"ಸಾವಕಾರ ಹಂಗ ಸುಮ್ಮನ ತಗೊಳ್ಳಂಗಿಲ್ಲಪಾ," ಎಂದು ಅವರು ನಾಗಲಿಂಗಪ್ಪನಿಗೆ ಹೇಳಿದರು. "ಎದುರಿಗೆ ಕುಂಡ್ರಿಸಿಕೊಂಡು ಎರಡ ಮಾತು ಕೇಳ್ತಾನ. ಈ ಮನಷ್ಯಾನ ಗುಣಾ ಏನು, ಕೊರತಿ ಏನು? ಹಳಿಯಾಳದಿಂದ ಹೋದಾವ್ರು ಬೆಬ್ಬೆಬ್ಬೆ ಅಂದು ಹೊಳ್ಳಿ ಬಂದಾರ. ತಯಾರಾಗಿ ಹೋಗು."

ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ಆ ಕಡೆಯವರಿಗೆ ನಾಚಿಕೆಗೇಡು. ಹೆಣ್ಣು ನೋಡಲು ಹೋದಾಗ ಗಂಡು ತನ್ನ ಗುಣವನ್ನು ತಾನೇ ಹೊಗಳಿಕೊಳ್ಳುತ್ತಾನೆಯೇ? ಅವನು ತಲೆ ತಗ್ಗಿಸಿ ಕೂಡಬೇಕು, ಜೊತೆಗೆ ಬಂದ ಹಿರಿಯರು ಹೇಳಬೇಕು. ಚಾಕರಿಗೆ ಹೋದಾಗಲೂ ಅದೇ ಪದ್ಧತಿ. ನಾಗಲಿಂಗಪ್ಪ ಅಡಿವೆಯ್ಯನವರ ಕಾಲು ಮುಟ್ಟಿ ನನ್ನ ಪರವಾಗಿ ನೀವೇ ಬರಬೇಕು ಎಂದ. ಅವರು ಒಪ್ಪಿದರು. ಏನು ಹೇಳಬೇಕೆಂಬುದನ್ನು ಮಾತ್ರ ನೀನೇ ವಿಚಾರ ಮಾಡಿ ನನಗೆ ತಿಳಿಸು ಎಂದರು.

ಶೇಖಪ್ಪನೂ ಹೋಗುತ್ತಾನಂತೆ ಎಂಬುದು ಕಿವಿಗೆ ಬಿದ್ದಾಗಿನಿಂದ ನಾಗಲಿಂಗಪ್ಪನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಪಗಾರ ಬರದಿದ್ದರೆ ಬಾರದಿರಲಿ, ಮನೆಯೂ ಬೇಡ. ಆದರೆ ಶೇಖಪ್ಪ ಮುಕಾದಮನಾಗಿ ನಿಂತು "ನಾಗಲಿಂಗಪ್ಪ, ಯಾಕ ತಡಾ ಆತು?" ಎಂದು ಕೇಳುವುದು, ತಾನು ಅದಕ್ಕೆ ಜವಾಬು ಕೊಡುವುದು! ಅದನ್ನು ನೆನೆದರೇ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುತ್ತಲೇ ತಾನೇ ಸಾಹುಕಾರರೆಂಬಂತೆ ಕೇಳತೊಡಗಿದಳು.

"ಹೇಳ್ರಿ, ನಿಮ್ಮ ಗುಣಾ ಏನು?"

"ಶೇಖಪ್ಪನಕಿಂತ ಮದಲ ವಖಾರಿ ಮುಟ್ತೇನಿ."

"ಮತ್ತ?"

"ಶೇಖಪ್ಪನಂಗ ಕಂಡಕಂಡಾವ್ರ ಕೂಡ ಮಾತಾಡ್ಕೋತ ನಿಂದ್ರಂಗಿಲ್ಲ."

"ಮತ್ತ?"

"ಮತ್ತ ಶೇಖಪ್ಪ ನೋಡು..."

ಕಾಶೆವ್ವ ರೊಟ್ಟಿಯನ್ನು ಹಂಚಿನ ಮೇಲೆ ಒಗೆದಳು. "ಅಲ್ರೀ, ನಿಮ್ಮನ್ನ ಕೇಳಿದ್ರ ನೀವು ಬಾಜೂ ಮನಿಯಾವನ್ನ ಹೇಳ್ತೀರಲ್ಲ? ನೀವು ನಿಮ್ಮ ನೌಕರಿಗೆ ಹೊಂಟೀರೋ, ಅವಂಗ ಕೊಡಸಾಕ ಹೊಂಟೀರೋ?"

ನಾಗಲಿಂಗಪ್ಪ ಸಿಟ್ಟಿನಿಂದ ಅರ್ಧ ಊಟಕ್ಕೇ ಕೈ ತೊಳೆದ. ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡ. ಅವಳಿಗೇ ಹೆಚ್ಚು ತಿಳಿದಿತ್ತು ಎಂದು ಅವನಿಗೆ ಹೇಳುವವರು ಯಾರು?

ಹೋಗುವ ದಿನ ಬೆಳಗ್ಗೆ ನೋಡಿದರೆ ಅಡಿವೆಯ್ಯನವರು ಊರಲ್ಲೇ ಇಲ್ಲ. ಮುಂಡಗೋಡದಲ್ಲಿ ಬೀಗರ ಪೈಕಿ ಯಾರೋ ತೀರಿಕೊಂಡರೆಂದು ಅವಸರದಿಂದ ಹೋಗಿದ್ದರು. ತನ್ನ ಪರವಾಗಿ ಮಾತಾಡುವವರಿಲ್ಲದೆ ನಾಗಲಿಂಗಪ್ಪ ಅಂಗಳದಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಾಗ ಗೋಡೆಯ ಆಚೆಯಿಂದ ಶೇಖಪ್ಪನ ತಲೆ ಕಾಣಿಸಿತು.

"ಏ ನಾಗಲಿಂಗ, ಬಾರೋ, ನನ್ನ ಚಕ್ಕಡ್ಯಾಗ ಹೋಗೂಣು. ನಂಗೂ ಯಾರೂ ಸಿಕ್ಕಿಲ್ಲ. ನನ್ನ ಬಗ್ಗೆ ನೀ ಹೇಳು, ನಿನ್ನ ಬಗ್ಗೆ ನಾ ಹೇಳ್ತೇನಿ. ಮುಗೀತಲ್ಲ?"

ಎಂಥ ಮಾತು! ನೌಕರಿಗೆ ಎದುರಾಗಿ ನಿಂತವನ ಕೈಯಲ್ಲೇ ತನ್ನ ಜುಟ್ಟು ಕೊಡುವಷ್ಟು ಪೆದ್ದ ಇವನು. ನಾಗಲಿಂಗಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಎಷ್ಟೋ ವರ್ಷಗಳಿಂದ ಎದೆಯಲ್ಲಿ ಇಟ್ಟುಕೊಂಡು ಬೇಯುತ್ತಿದ್ದುದನ್ನೆಲ್ಲ ಸಾಹುಕಾರರ ಮುಂದೆ ಬಿಚ್ಚಲು ಇವನೇ ದಾರಿ ಮಾಡಿಕೊಟ್ಟನಲ್ಲ! ದಾಂಡೇಲಿ ಮುಟ್ಟುವವರೆಗೂ ಅವನು ಶೇಖಪ್ಪನ ಕೊರತೆಗಳನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತ ಕೂತ.

ಹುಸೇನಸಾಬರು ವಖಾರಿಯ ಮಾಡಿನ ಕೆಳಗೆ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುತ್ತಾರೆಂದು ಕೇಳಿ ಅವರಿಗೆ ಮೋಜೆನಿಸಿತು.

"ಅರೆ ವಾ! ಬರ್ರಿ, ಕೂಡ್ರಿ. ನಾಗಲಿಂಗಪ್ಪ, ನೀನ ಶುರು ಮಾಡು. ಗುಣಾ ಬ್ಯಾಡ, ಗುಣಾ ಎಲ್ಲಾರೂ ಹೇಳ್ತಾರ. ಇವನ ಕೊರತಿ ಹೇಳು."

ಹಸಿದವನ ಮುಂದೆ ಎಡೆ ಬಡಿಸಿದಂತಾಯಿತು.

"ಸಾವಕಾರ್ರ, ಇಂವ ಭಾಳ ನಿಧಾನ್ರಿ. ಹಳ್ಳಾ ಬಂದ್ರ ಸಾಕು, ಹಿಂದ ಎಷ್ಟ ಚಕ್ಕಡಿ ನಿಂತಿರ್ಲಿ, ಎತ್ತು ಬಿಟ್ಟು ನೀರ ಕುಡಿಸ್ತಾನ. ಅವು ಸಾಕಾಗಿ ತಲಿ ಎತ್ತೂತನಕ ಹಂದಂಗಿಲ್ಲ."

"ಎತ್ತು ಹೆಂಗ ಅದಾವು?"

"ಅವ ಹಳೇ ಎತ್ತರಿ. ಅಷ್ಟರಾಗ ನಾ ಎರಡ ಜೋಡಿ ಬದಲ ಮಾಡೇನಿ. ಇವನ್ವು ಇನ್ನೂ ಎಳ್ಯಾಕ ಹತ್ಯಾವು."

ಹುಸೇನಸಾಬರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ಹೂಂ. ಮತ್ತ?"

"ಹಟಮಾರಿರಿ. ಕೊಡ್ಲಿ ಹಿಂಬದಿಲೆ ಬಡದು, ಕಿವಿ ಹಚ್ಚಿ ಕೇಳ್ದ ಹೊರತು ಒಂದ ದಿಮ್ಮಿ ಹೇರಂಗಿಲ್ಲ. ಟೊಳ್ಳ ಅನಿಸ್ತೋ, ಮುಗೀತು. ನಿಮ್ಮ ಮನಷ್ಯಾನ ಹೇರು ಅಂದ್ರೂ ಕೇಳಂಗಿಲ್ರಿ. ಮತ್ತ ಕಾಡಿನ್ಯಾಗ ಕುಂಬಾರವಾಡದ ಕಡೆ ಹೋದ್ರ ಕೂಲಿ ಮಂದಿ ನಡುವ ಕುಂತು ಅವರ ಗಂಜಿ ಕುಡೀತಾನ. ಅವರ ಕೊಂಕಣಿ ಸುದ್ದಾ ಕಲತಾನ. ಮುಕಾದಮ ಆಗಾವಂಗ ಒಂದು ಗತ್ತು ಬ್ಯಾಡೇನ್ರಿ?"

"ಅವರು ಇಂವ ಕರದ್ರ ಬರ್ತಾರೇನು?"

"ಇಂವ ಕರದ್ರ ಹಬ್ಬಾ ಬಿಟ್ಟ ಬರ್ತಾರ್ರಿ! ನಾ ಕರದ್ರ ನಾಯಿ ಸುದ್ದಾ ಹೊಳ್ಳಿ ನೋಡಂಗಿಲ್ಲ."

ಹೇಳಿದ ಮೇಲೆ ಅವನಿಗೆ ಎಲ್ಲೋ ಏನೋ ತಪ್ಪುತ್ತಿದೆ ಎನಿಸಿತು. ಸಾಹುಕಾರರ ಮುಖ ಅರಳುತ್ತಿತ್ತು. ಆದರೆ ಬಾಯಿ ಹಿಡಿತ ತಪ್ಪಿತ್ತು. ಹೊಟ್ಟೆಕಿಚ್ಚಿಗೆ ಕಣ್ಣು ಚುರುಕು, ವಿವೇಕ ಕಡಿಮೆ.

"ಸೊಕ್ಕೂ ಐತ್ರಿ ಇವಂಗ! ಹ್ವಾದ ಸುಗ್ಗ್ಯಾಗ ನನ್ನ ಎತ್ತಿನ ಕಾಲು ಉಳುಕಿತ್ತು. ನಾ ಇವನ ಮುಂದ ಬಾಯಿ ಬಿಟ್ಟಿರಲಿಲ್ಲ. ಮುಂಜಾನೆದ್ದು ನೋಡಿದ್ರ ನನ್ನ ಗ್ವಾದಲ್ಯಾಗ ತನ್ನ ಎತ್ತ ಕಟ್ಟಿ ಹೋಗಿದ್ದ. ಕೇಳದ ಕೊಡೂದಂದ್ರ ಸೊಕ್ಕಲ್ಲೇನ್ರಿ? ನಾ ಏನ್ ಭಿಕಾರಿಯೇನು?"

ಇನ್ನೂ ಏನಾದರೂ ಇದೆಯೇ ಎಂದು ತಡಕಾಡಿ, "ಉಂಡ ಕೂಡ್ಲೆ ಚಕ್ಕಡಿ ಕೆಳಗ ಗೊರಕಿ ಹೊಡೀತಾನ್ರಿ," ಎಂದು ಸೇರಿಸಿದ.

"ಅದು ನನಗೂ ಐತಿ ಬಿಡು," ಎಂದು ಹುಸೇನಸಾಬರು ಗಹಗಹಿಸಿ ನಕ್ಕರು. ಆಮೇಲೆ ಶೇಖಪ್ಪನ ಕಡೆ ತಿರುಗಿದರು. "ಈಗ ನೀ ಹೇಳಪಾ. ನಾಗಲಿಂಗಪ್ಪ ಹೆಂಗ?"

ಶೇಖಪ್ಪ ತಲೆಯ ಮೇಲಿನ ರುಮಾಲು ಸರಿಮಾಡಿಕೊಂಡ. "ಛಲೋ ಮನಷ್ಯಾ ಅದಾನ್ರಿ."

"ಛಲೋ ಅಂದ್ರ?"

"ಛಲೋ ಅಂದ್ರ... ಒಳ್ಳೇಂವ್ರಿ."

"ಕೊರತಿ?"

ನಾಗಲಿಂಗಪ್ಪ ಮುಂದಕ್ಕೆ ಸರಿದು ಕೂತ. ಹೇಳಲಿ. ಎತ್ತಿಗೆ ಹೊಡೆಯುತ್ತಾನೆ ಎನ್ನಲಿ, ಉಪಕಾರ ನೆನೆಯದವನು ಎನ್ನಲಿ, ಗೋಡೆಯಾಚೆಯಿಂದ ಇಣುಕುತ್ತಾನೆ ಎನ್ನಲಿ. ಎಂಥ ಕೆಟ್ಟದ್ದಕ್ಕೂ ಅವನು ತಯಾರಿದ್ದ.

ಶೇಖಪ್ಪ ಕತ್ತು ಕೆರೆದುಕೊಂಡ. "ಏನ ಹೇಳ್ಲಿರಿ... ನಾ ಅಷ್ಟ ಲಕ್ಷ್ಯ ಕೊಟ್ಟ ನೋಡಿಲ್ರಿ."

"ಬಾಜೂ ಮನಿಯಾಂವ ಅಲ್ಲೇನೋ?"

"ಹೌದ್ರಿ. ಗ್ವಾಡಿ ಕೂಡೇತಿ. ಆದ್ರ ನನ್ನ ಕೆಲಸದಾಗ ನಾ ಇರ್ತೇನ್ರಿ."

ಹುಸೇನಸಾಬರು ಹೆಚ್ಚು ಮಾತು ಬೆಳೆಸಲಿಲ್ಲ. ಬರುವ ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಶೇಖಪ್ಪನಿಗೆ ಹೇಳಿದರು. ನಾಗಲಿಂಗಪ್ಪನಿಗೂ ಒಂದು ಎಲೆ ಮಡಿಸಿ ಕೊಟ್ಟು, "ನಿನ್ನಂಥಾ ಗೆಳ್ಯಾ ನನಗೂ ಇದ್ದಿದ್ರ ನಾ ಮುಂಬಯಿದಾಗ ದೊಡ್ಡ ಸಾವಕಾರ ಆಗಿರ್ತಿದ್ನಿ," ಎಂದರು. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ.

ಚಕ್ಕಡಿಯ ಹತ್ತಿರ ಶೇಖಪ್ಪ ಅವನ ಎರಡೂ ಕೈ ಹಿಡಿದುಕೊಂಡ. ಶೇಖಪ್ಪನ ಕಣ್ಣು ತುಂಬಿತ್ತು. "ಇಷ್ಟ ನೋಡೀಯೇನೋ ನನ್ನ? ನನಗ ಖರೇ ಗೊತ್ತಿರಲಿಲ್ಲೋ."

ನಾಗಲಿಂಗಪ್ಪ ಕೈ ಬಿಡಿಸಿಕೊಂಡ. "ನನ್ನದೊಂದು ತಪ್ಪ ಸುದ್ದಾ ನಿನಗ ಕಂಡಿಲ್ಲೇನು? ಉಳವಿ ಚನ್ನಬಸವಣ್ಣನ ಆಣಿ ಮಾಡಿ ಹೇಳು."

ಶೇಖಪ್ಪ ಮತ್ತೆ ಮನಸ್ಸಿಟ್ಟು ಯೋಚಿಸಿದ. ಯೋಚಿಸಿ ಯೋಚಿಸಿ ಅವನ ಹುಬ್ಬು ಗಂಟಾಯಿತು. ಕೊನೆಗೆ ಪಾಪ ಎನಿಸುವಷ್ಟು ಮೆತ್ತಗೆ, "ಇಲ್ಲಪಾ," ಎಂದ. "ಸಿಟ್ಟಾಗಬ್ಯಾಡ. ಏನ ಹೇಳಬೇಕಿತ್ತು ನೀನ ಹೇಳು, ಈಗ ಒಳಗ ಹೋಗಿ ಹೇಳಿ ಬರ್ತೇನಿ."

ನಾಗಲಿಂಗಪ್ಪ ಆ ಮುಖವನ್ನು ಹುಡುಕಿ ಹುಡುಕಿ ನೋಡಿದ. ಅದರಲ್ಲಿ ಕುಚೇಷ್ಟೆಯಿರಲಿಲ್ಲ, ಗೆದ್ದೆನೆಂಬ ಜಂಬವೂ ಇರಲಿಲ್ಲ. ಗುಲಗಂಜಿಯಷ್ಟು ಹೊಟ್ಟೆಕಿಚ್ಚು ಅಲ್ಲಿ ಕಂಡಿದ್ದರೂ ಅವನು ನೌಕರಿ ಕೈತಪ್ಪಿದ್ದನ್ನು ಅಲ್ಲೇ ಮರೆತುಬಿಡುತ್ತಿದ್ದ.

"ಏನೂ ಬ್ಯಾಡ," ಎಂದ. "ಎತ್ತು ಹೂಡು."