ತೊಳೆದ ಕಾಲು

“ಪಾಸಾತಲ್ಲ, ಏಳ ಇನ್ನ. ಮಗ್ಗದಾಗ ಸೀರಿ ಅರ್ಧಕ್ಕ ನಿಂತೈತಿ,” ಎಂದ ಅಂದಪ್ಪ, ಚಪ್ಪಲಿಯೊಳಗೆ ಕಾಲು ತೂರಿಸುತ್ತ.

ಸಿದ್ದಲಿಂಗವ್ವ ಏಳಲಿಲ್ಲ. ಗಂಡನ ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದವಾಖಾನೆಯ ಬಾಕಿನ ಮೇಲೆ ಹಾಗೇ ಕೂತಿದ್ದಳು. ಬೆಟಗೇರಿಯ ಮಂದಿಗೆಲ್ಲ ಗೊತ್ತು, ಈಕೆ ಹೀಗೆ ಕೂತಳೆಂದರೆ ಎಬ್ಬಿಸುವುದು ಸುಲಭವಲ್ಲ.

“ಬಾಯಾರ, ಇನ್ನೊಮ್ಮೆ ನೋಡ್ರಿ,” ಎಂದಳು.

ಯಂತ್ರದ ಹತ್ತಿರ ಕೂತಿದ್ದ ಕಾಂಚನಾ ಪರದೆಯನ್ನು ಮತ್ತೆ ನೋಡಿದಳು. ಎರಡು ಅಂಗಾಲು, ಎರಡೂ ನೀಲಿ. ಎಲ್ಲೂ ಕೆಂಪಿಲ್ಲ.

ಆ ಯಂತ್ರ ನೋಡುವುದಕ್ಕೆ ಏನೂ ಅಲ್ಲ. ಒಂದು ಕುರ್ಚಿ, ಅದರ ಮುಂದೆ ಬಿಳಿ ಹಲಗೆ. ಹಲಗೆಯ ಮೇಲೆ ಹಿಮ್ಮಡಿ ಊರಿ ಅಂಗಾಲು ತೋರಿಸಿದರೆ, ಎದುರಿನ ಕ್ಯಾಮೆರಾ ಕಾಲಿನ ಬಿಸಿಯ ಚಿತ್ರ ತೆಗೆಯುತ್ತದೆ: ತಣ್ಣಗಿದ್ದಲ್ಲಿ ನೀಲಿ, ಬಿಸಿಯಿದ್ದಲ್ಲಿ ಕೆಂಪು. ಸಕ್ಕರೆ ಕಾಯಿಲೆಯವರ ಅಂಗಾಲು ಮರಗಟ್ಟಿರುತ್ತದೆ. ಮುಳ್ಳು ಮುರಿದರೂ ಅರಿವಾಗುವುದಿಲ್ಲ. ಆದರೆ ಹುಣ್ಣು ಹೊರಗೆ ಒಡೆಯುವ ಎಷ್ಟೋ ದಿನ ಮೊದಲೇ ಆ ಜಾಗ ಒಳಗೊಳಗೇ ಬೆಚ್ಚಗಾಗುತ್ತದೆ. ಆ ಬಿಸಿಯನ್ನು ಆಗಲೇ ಹಿಡಿದರೆ ಕಾಲು ಉಳಿಯುತ್ತದೆ. ಹುಲಕೋಟಿಯ ಮಾಸ್ತರರ ಮಗಳು ಕಾಂಚನಾ ಇದನ್ನು ಮಾಡಲು ಧಾರವಾಡದ ಪ್ರಯೋಗಶಾಲೆಯಲ್ಲಿ ಆರು ವರ್ಷ ಕಳೆದಿದ್ದಳು. ಚೌಕಟ್ಟು ಮಾಡಿಕೊಟ್ಟವನು ಇಲ್ಲಿನ ಬಡಿಗೇರ ಸಕ್ರಪ್ಪ. ಮಂದಿ ಇದನ್ನು ಕರೆಯುವುದು ‘ಬಿಸಿ ನೋಡೂ ಕನ್ನಡಿ’ ಎಂದು.

ಅದನ್ನು ತಮ್ಮ ದವಾಖಾನೆಗೆ ತರಿಸಿಕೊಂಡವರು ಡಾಕ್ಟರ್ ಮೌನೇಶ. ಎರಡು ವರ್ಷದ ಹಿಂದೆ ಅಂದಪ್ಪನ ಎಡಗಾಲಿನ ಎರಡು ಬೆರಳು ತೆಗೆದವರೂ ಅವರೇ. “ತಂಗಿ, ನಿನ್ನ ಕನ್ನಡಿ ನನ್ನ ಕೈಯಾನ ಗರಗಸ ಕಸಗೊಂಡ್ರ ಊರಿಗೆಲ್ಲ ಗೋದಿ ಹುಗ್ಗಿ ಹಾಕಿಸ್ತೇನಿ,” ಎಂದು ಮೊದಲ ದಿನ ನಕ್ಕಿದ್ದರು. ಈಗ ಮೂರು ತಿಂಗಳು. ನೂರಾ ನಲವತ್ತು ಮಂದಿ ಬಂದು ಹೋದರು. ಕನ್ನಡಿ ಒಬ್ಬರಲ್ಲೂ ಏನನ್ನೂ ಹಿಡಿಯಲಿಲ್ಲ. ಅದು ‘ಪಾಸ್’ ಮಾಡಿ ಕಳಿಸಿದವರಲ್ಲೇ ಇಬ್ಬರು ಹುಣ್ಣು ಒಡೆದುಕೊಂಡು ತಿರುಗಿ ಬಂದರು. ಮೊನ್ನೆ ಡಾಕ್ಟರು ಮೆಲ್ಲಗೆ ಹೇಳಿದ್ದರು: “ಇನ್ನೊಂದು ತಪ್ಪಿದ್ರ ನಿಲ್ಲಸೂಣವಾ. ಮಂದಿ ಇದನ್ನ ನಂಬಿ ಕಾಲ ಕಳಕೋಬಾರದು.”

“ಅವ್ವಾರ, ಚಿತ್ರದಾಗ ಏನೂ ಇಲ್ರಿ,” ಎಂದಳು ಕಾಂಚನಾ. ಅವಳ ದನಿಯಲ್ಲೇ ಧೈರ್ಯವಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ. ದಿನಾ ಇವರ ಕಾಲಿಗೆ ಎಣ್ಣಿ ತಿಕ್ಕಾಕಿ ನಾನು. ಬಲಗಾಲ ಹೆಬ್ಬೆರಳ ಬುಡಕ ಒಂದ ಜಾಗಾ ಐತಿ. ಹಂಚಿನಿಂದ ಈಗ ತಗದ ರೊಟ್ಟಿ ಮುಟ್ಟಿದಂಗ ಆಗತೈತಿ. ನಾಕ ದಿನಾ ಆತು.”

“ಕೇಳ್ರಿ ಇಕಿ ಮಾತ! ಇಷ್ಟ ದೊಡ್ಡ ಮಷಿನ್ನ ಬಿಟ್ಟು ರೊಟ್ಟಿ ಬಡಿಯೂ ಕೈ ನಂಬಬೇಕಂತ,” ಎಂದ ಅಂದಪ್ಪ.

“ಹ್ವಾದ ಸಲ ಈ ಕೈ ನಂಬಿದ್ರ ಎಡಗಾಲಾಗ ಐದೂ ಬೆರಳ ಇರತಿದ್ದುವು.”

ಅಂದಪ್ಪ ತನ್ನ ಬಲಗಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದ. ಎಡಗಾಲಿನ ಬೆರಳು ಹೋದ ಮೇಲೆ, ಕುಣಿ ಮಗ್ಗದ ತಗ್ಗಿನಲ್ಲಿ ಕೂತು ಅವನು ಹಲಗೆ ತುಳಿಯುವುದೆಲ್ಲ ಬಲಗಾಲಿನಿಂದಲೇ. ಅದೂ ಹೋದರೆ ಮಗ್ಗವೂ ಇಲ್ಲ, ನಡಿಗೆಯೂ ಇಲ್ಲ.

ಕಾಂಚನಾ ನೆಲಕ್ಕೆ ಮೊಣಕಾಲೂರಿದಳು. “ಏ, ಏ, ಕಾಲ ಮುಟ್ಟಬ್ಯಾಡ್ರಿ ಬಾಯಾರ, ಪಾಪ ಬರತೈತಿ,” ಎಂದು ಅಂದಪ್ಪ ಎಳೆದುಕೊಳ್ಳುವಷ್ಟರಲ್ಲಿ ಅವಳ ಕೈ ಅವನ ಅಂಗಾಲಿನ ಮೇಲಿತ್ತು. ಬಿಸಿಯಿರಲಿ, ಕೊಡದ ತಳದ ಹಾಗೆ ತಣ್ಣಗಿತ್ತು. ಬೆರಳ ಸಂದಿಯಲ್ಲಿ ಇನ್ನೂ ಪಸೆ.

“ಕಾಕಾರ, ಕಾಲ ಯಾಕ ಹಸಿ ಅದಾವು?”

“ತೊಳಕೊಂಡ ಬಂದೇನಲ್ರಿ.”

“ಹೊರಗ ಹದಿನೈದ ನಿಮಿಷ ಬರಿಗಾಲಲೇ ಕುಂಡ್ರಿಸಿದ್ರಲ್ಲ?”

“ಕುಂತಿದ್ನಿ. ಹೆಸರ ಒದರಿದ ಕೂಡ್ಲೇ ನಳಕ್ಕ ಹೋಗಿ ತೊಳಕೊಂಡು, ವಸ್ತ್ರದಲೆ ಒರಸ್ಕೊಂಡು ಬಂದ್ನಿ.” ಅಂದಪ್ಪನಿಗೆ ಸ್ವಲ್ಪ ಬೇಸರವೇ ಆಯಿತು. “ಹೊಲಸ ಕಾಲ ತಂದು ನಿಮ್ಮ ಮಾರಿಗೆ ಹಿಡೀಲೇನ್ರಿ? ನಮ್ಮನ್ನೇನ ದನಾ ಅಂತ ತಿಳದೀರಿ?”

ಕಾಂಚನಾ ಎದ್ದು ಬಾಗಿಲಿಗೆ ಬಂದಳು. ಅಂಗಳದ ನಳದ ಹತ್ತಿರ, ಮುಂದಿನ ಸರದಿಯ ರಹಮಾನಸಾಬ ಬಗ್ಗಿ ನಿಂತಿದ್ದರು. ಲಕ್ಷ್ಮೇಶ್ವರದಿಂದ ಬಸ್ಸು ಹಿಡಿದು ಬಂದ ಹಿರಿಯರು. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಜನವರಿಯ ನೀರು, ತೊಟ್ಟಿಯ ತಣ್ಣೀರು. ಅವರ ಹಿಂದೆ ಇನ್ನೊಬ್ಬರು ಆಗಲೇ ಧೋತರ ಎತ್ತಿ ಹಿಡಿದಿದ್ದರು.

ಮೂರು ತಿಂಗಳು ಅವಳು ಪರದೆ ನೋಡುತ್ತ ಒಳಗೆ ಕೂತಿದ್ದಳು. ಚಿತ್ರಗಳೆಲ್ಲ ಇಷ್ಟು ತಣ್ಣಗೇಕೆ ಎಂದು ಕ್ಯಾಮೆರಾ ಬಿಚ್ಚಿ ನೋಡಿದ್ದಳು, ಲೆಕ್ಕ ತಿದ್ದಿದ್ದಳು, ಚಳಿಗಾಲವನ್ನು ಬೈದಿದ್ದಳು. ಪ್ರಯೋಗಶಾಲೆಯಲ್ಲಿ ಯಾರೂ ಕಾಲು ತೊಳೆದು ಬಂದಿರಲಿಲ್ಲ. ಬೂಟು ಕಳಚಿದರು, ಕೂತರು, ಅಷ್ಟೇ. ಆದರೆ ಹುಲಕೋಟಿಯ ಮನೆಯಲ್ಲಿ, ಕಂಪೌಂಡರು ಬರುತ್ತಾರೆಂದರೆ ಅಜ್ಜಿ ಮೊದಲು ಕೇಳುತ್ತಿದ್ದದ್ದು ತನ್ನ ಕಾಲು ತೊಳೆಯಲು ಒಂದು ತಂಬಿಗೆ ನೀರನ್ನು. ಅದು ಅವಳಿಗೆ ಈಗ ನೆನಪಾಯಿತು.

ಹೊಸ್ತಿಲಲ್ಲೇ ನಿಂತು ಅವಳು ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಕಾಕಾರ, ಇನ್ನ ಅರ್ಧಾ ತಾಸು ಕುಂಡ್ರಬೇಕ್ರಿ. ನೀರು ಮುಟ್ಟೂದಿಲ್ಲ, ಚಪ್ಪಲಿ ಮೆಟ್ಟೂದಿಲ್ಲ.”

“ಸೀರಿ...”

“ಸೀರಿಗೆ ನಾ ಹೇಳತೇನಿ, ಕುಂಡ್ರ್ರಿ ಸುಮ್ಕ,” ಎಂದಳು ಸಿದ್ದಲಿಂಗವ್ವ.

ಅರ್ಧ ತಾಸಿನ ಮೇಲೆ ಚಿತ್ರ ಬಂತು. ಈ ಸಲ ಕಾಲು ಹಳದಿ, ಹಸಿರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಸಿದ್ದಲಿಂಗವ್ವ ಹೇಳಿದ ಜಾಗದಲ್ಲೇ, ಹುಣಸೆಬೀಜದಷ್ಟು ಅಗಲಕ್ಕೆ ಕಡುಗೆಂಪು.

ಡಾಕ್ಟರ್ ಮೌನೇಶ ಬಂದು ಪರದೆ ನೋಡಿದರು. ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು. “ನೋವೇನು?”

“ಮುಟ್ಟೀರೇನ್ರಿ?” ಎಂದು ಕೇಳಿದ ಅಂದಪ್ಪ.

ಅಂದಪ್ಪ ಪರದೆಯ ಕೆಂಪನ್ನೂ ತನ್ನ ಕಾಲನ್ನೂ ಬದಲಿಸಿ ಬದಲಿಸಿ ನೋಡಿದ. “ಇದು ನನ್ನ ಕಾಲಾಗ ಐತಿ? ನನಗ ಖಬರನ ಇಲ್ಲ!”

“ಇನ್ನೂ ಒಡದಿಲ್ಲ,” ಎಂದರು ಡಾಕ್ಟರು. “ಆರ ವಾರ ಈ ಕಾಲಿಗೆ ಭಾರ ಇಲ್ಲ, ಮಗ್ಗ ಇಲ್ಲ. ಮಾತ ಕೇಳಿದ್ರ ಗರಗಸದ ಕೆಲಸಿಲ್ಲ ಅಂದಪ್ಪಾ.” ಆಮೇಲೆ ಕಾಂಚನಾಳ ಕಡೆ ತಿರುಗಿ, “ಹುಗ್ಗಿಗೆ ಗೋದಿ ತರಸಬೇಕಾತಲ್ಲವಾ,” ಎಂದರು.

“ಸರ್, ಆ ನೂರಾ ನಲವತ್ತೂ ಮಂದಿನ್ನ ಮತ್ತ ಕರಸಬೇಕ್ರಿ. ಇವತ್ತಿಂದಾನ.” ಕಾಂಚನಾ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು. ನಡುವೆ ನಿಲ್ಲಿಸಿ, “ಅವ್ವಾರ, ನಿಮ್ಮ ಕೈ ಇರದಿದ್ರ...” ಎಂದಳು.

“ನನ್ನ ಕೈ ಒಂದ ಮನಿ ಕಾಲ ನೋಡತೈತಿ,” ಎಂದಳು ಸಿದ್ದಲಿಂಗವ್ವ, ಪರದೆಯ ಕೆಂಪಿನ ಮೇಲಿಂದ ಕಣ್ಣು ತೆಗೆಯದೆ. “ಇದಕ್ಕ ಊರ ಕಾಲೆಲ್ಲ ಕಾಣತಾವು. ಭಾಳ ಶಾಣ್ಯಾ ಐತಿ ಬಿಡ್ರಿ. ನಾವ ಅದರ ಕಣ್ಣಿಗೆ ತಣ್ಣೀರ ಹೊಡದಿವಿ.”

‘ಕಾಲು ತೊಳೆಯಬೇಡಿರಿ’ ಎಂದು ಕಾಂಚನಾ ಮರುದಿನ ಗೋಡೆಗೆ ಹಚ್ಚಿದ ಹಾಳೆಯನ್ನು ಎಲ್ಲರೂ ಓದಿದರು. ಓದಿ, ಅದು ಯಾರೋ ತಿಳಿಗೇಡಿಗಳಿಗೆ ಬರೆದದ್ದೆಂದುಕೊಂಡು, ನಳಕ್ಕೆ ಹೋಗಿ ತೊಳೆದುಕೊಂಡು ಬಂದರು. ಹಾಗಾಗಿ ಮುಂದಿನ ಸೋಮವಾರ ಸಿದ್ದಲಿಂಗವ್ವ ಮನೆಯಿಂದ ಮಣೆ ತಂದು ನಳದ ಬುಡದಲ್ಲೇ ಕೂತಳು. ಮಗ್ಗದ ಹಳೆಯ ನೂಲಿನಿಂದ ನಳದ ಬಾಯಿಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದಳು.

“ಅವ್ವಾ, ಒಂದ ಚರಗಿ ನೀರ ಬಿಡವಾ. ಎರಿ ಹೊಲದಾಗ ಹಾದ ಬಂದೇನಿ, ಕಾಲ ನೋಡ ಇಲ್ಲೆ,” ಎಂದು ರಹಮಾನಸಾಬ ಅಂಗಲಾಚಿದರು.

“ನಡೀರಿ ಕಾಕಾ ಹಂಗ. ನಾಚಿಕಿ ಬಂದ್ರ ನನ್ನ ಹೆಸರ ಹೇಳ್ರಿ.”

ಅವರು ಒಳಗೆ ಹೋಗಿ, ತಲೆ ತಗ್ಗಿಸಿ ಕೂತು, ಕಾಲು ಚಾಚಿದರು. ಚಿತ್ರ ತೆಗೆದಾಯಿತು. ಅವರು ಎದ್ದು ಹೋದ ಮೇಲೆ ಬಿಳಿ ಹಲಗೆಯ ಮೇಲೆ ಎರಡು ಹಿಮ್ಮಡಿಗಳ ಅಳತೆಗೆ ಕಪ್ಪು ಎರೆಮಣ್ಣು ಉಳಿದಿತ್ತು. ಕಾಂಚನಾ ಬಟ್ಟೆ ಕೈಗೆ ತೆಗೆದುಕೊಂಡಳು. ಒರೆಸುವ ಮೊದಲು ಒಂದು ಗಳಿಗೆ ಅದನ್ನೇ ನೋಡುತ್ತ ನಿಂತಳು.