ಮೀನಿನ ಕೆನ್ನೆ

ಹಬೆ ಏಳುತ್ತಿದೆ, ಶುಂಠಿಯ ಘಮ ಆ ದೊಡ್ಡ ದೀಪಗಳ ಝಳಕ್ಕೆ ಕಮಟಾಗಿ ಮೂಗಿಗೆ ಬರುತ್ತಿದೆ, ಇದೇ ಕೊನೆಯ ಮೀನು, ಇನ್ನೊಂದು ಬೇಕೆಂದರೆ ಎಲ್ಲಿಂದ ತರಲಿ, ಭಾನುವಾರ ಇಷ್ಟು ಹೊತ್ತಿಗೆ ಲಿಮಾದ ಮೀನುಪೇಟೆ ತೊಳೆದು ಬಾಗಿಲು ಹಾಕಿರುತ್ತಾರೆ, ಹೊರಗೆ ಯಾರೋ ಷಟರ್ ಬಡಿಯುತ್ತಿದ್ದಾನೆ, ಏನ್ ಚಿನೀತಾ, ಚೀನೀ ಮುಖದವರಿಗೆಲ್ಲ ಇಲ್ಲಿ ಅದೇ ಹೆಸರು, ಇವತ್ತು ಹುರಿದ ಚೌಫಾ ಅನ್ನ ಇಲ್ವಾ, ಇಲ್ಲಪ್ಪ, ಇವತ್ತು ಸಿನಿಮಾ, ಹೋಗು — ನಮ್ಮದೇ ಹೋಟೆಲು, ನಮ್ಮದೇ ಕಥೆ, ನಗಿಸಿ ಅಳಿಸೋ ಸಿನಿಮಾ ಅಮ್ಮಾ ಎನ್ನುತ್ತಾಳೆ ನೋಯೆಮಿ, ನನ್ನ ಮಗಳು, ನಿರ್ದೇಶಕಿಯಂತೆ, ಕ್ಯಾಮೆರಾದ ಪಕ್ಕ ನಿಂತು ಅಷ್ಟು ಜನ ಗಂಡಸರಿಗೆ ಅಲ್ಲಾಡಬೇಡ್ರೋ ಎನ್ನುತ್ತಾಳೆ, ಅವರೂ ಅಲ್ಲಾಡುವುದಿಲ್ಲ, ಅಬ್ಬಾ. ಅಪ್ಪನ ಪಾತ್ರಕ್ಕೆ ಯಾವನೋ ಚೆಲುವನನ್ನು ತಂದಿದ್ದಾಳೆ, ಅವನಿಗೆ ಊಟದ ಕಡ್ಡಿ ಹಿಡಿಯಲು ಬರುವುದಿಲ್ಲ, ಸ್ವೆಟರ್ ಹೆಣೆಯುವವನ ಹಾಗೆ ಹಿಡಿಯುತ್ತಾನೆ, ಅದಕ್ಕೇ ತೆರೆಯ ಮೇಲೆ ಮುಖ ಅವನದು, ಕೈ ಮಾತ್ರ ನಮ್ಮ ಯಜಮಾನರದು, ಅವನ ಅಂಗಿಯನ್ನೇ ತೊಟ್ಟು ನಿಂತಿದ್ದಾರೆ ಪಾಪ, ತೋಳು ಉದ್ದ, ಗುಂಡಿ ಬಿಗಿ, ಹೊಟ್ಟೆ ಎಲ್ಲಿಗೆ ಹೋಗಬೇಕು, ಸ್ವಲ್ಪ ಉಸಿರು ಎಳ್ಕೊಳ್ಳಿ ದೋನ್ ಫೆರ್ಮಿನ್, ಎಳ್ಕೊಂಡೇ ಇದ್ದೀನಪ್ಪಾ.

ಮಾಡಬೇಕಾದದ್ದು ಇಷ್ಟೇ, ಮೀನಿನ ಕೆನ್ನೆಯ ತುಣುಕು, ಹೆಬ್ಬೆರಳ ಉಗುರಿನಷ್ಟು, ಬೆಣ್ಣೆಯಂಥದ್ದು, ಅದನ್ನೆತ್ತಿ ಮಗಳ ಪಾತ್ರದವಳ ಬಟ್ಟಲಿಗೆ ಇಡಬೇಕು, ಅವಳು ಬಲಕ್ಕೆ, ಮಗನ ಪಾತ್ರದವನು ಎಡಕ್ಕೆ, ನಮ್ಮ ಮಕ್ಕಳು ಕೂರುತ್ತಿದ್ದ ಹಾಗೆಯೇ — ನಮ್ಮವರು ಬಾಯಿಬಿಟ್ಟು ಮುದ್ದು ಮಾಡುವವರಲ್ಲ, ಕೆನ್ನೆ ಯಾರ ಬಟ್ಟಲಿಗೆ ಬಿತ್ತೋ ಅವರೇ ಮುದ್ದು, ಅದು ಬಿದ್ದದ್ದು ಯಾವಾಗಲೂ ನಮ್ಮ ಮಗ ಉಲಿಸೆಸ್‌ನ ಬಟ್ಟಲಿಗೆ, ತಿಂದು ಬೆಳೆದ ಮಹಾರಾಯ ಈಗ ದೂರದ ಅರೆಕಿಪಾ ಊರಲ್ಲಿ ಟೈರು ಮಾರುತ್ತಾನೆ, ಹಬ್ಬಕ್ಕೂ ಒಂದು ಫೋನಿಲ್ಲ, ನೋಯೆಮಿ ಬಾಲದ ಮುಳ್ಳು ಚೀಪಿ ಬೆಳೆದಳು, ಒಂದು ದಿನವೂ ನನಗೆ ಎಂದು ಕೇಳಲಿಲ್ಲ, ಈಗ ನೋಡಿದರೆ ಇಷ್ಟು ಜನರನ್ನು ಸೇರಿಸಿ ಕೇಳುತ್ತಿದ್ದಾಳೆ, ನಮ್ಮವರಿಗೆ ಅದು ತಿಳಿಯಿತೋ ಇಲ್ಲವೋ, ಆಕ್ಷನ್ ಎಂದರು, ಕಡ್ಡಿಯ ತುದಿಯಲ್ಲಿ ಕೆನ್ನೆ, ಬಲಕ್ಕೆ ರೀ, ಬಲಕ್ಕೆ — ಎಡಕ್ಕೇ ಹೋಯಿತು. ಹಿಂದಿನ ಎರಡು ಮೀನುಗಳದ್ದೂ ಎಡಕ್ಕೆ, ಇದೂ ಎಡಕ್ಕೆ! ಎಲ್ಲರೂ ಗೊಳ್ಳೆಂದು ನಕ್ಕರು, ಅಪ್ಪಾ, ಈ ಕಡೆ ಅಪ್ಪಾ, ಅಯ್ಯೋ ಕೈ ತಾನಾಗೇ ಹೋಗುತ್ತಮ್ಮಾ ನಾನೇನ್ ಮಾಡ್ಲಿ, ಅಷ್ಟರಲ್ಲಿ ಮಗನ ಪಾತ್ರದವನು ಗುಳುಂ ಮಾಡಿಬಿಟ್ಟ, ಮುಂಡೇದು, ಅವನಿಗೂ ರುಚಿ ಹತ್ತಿದೆ. ನೋಯೆಮಿಯೂ ನಕ್ಕಳು, ಹೆತ್ತವಳು ನಾನು, ಅದು ನಗುವಲ್ಲ. ಹೋಗ್ಲಿ ಬಿಡಿ, ಕೆನ್ನೆ ಬದಲು ತೋಫು ಚೂರು ಇಡೋಣ, ತೆರೆ ಮೇಲೆ ಯಾರಿಗ್ ಗೊತ್ತಾಗುತ್ತೆ ಎಂದಳು, ನಿನಗೆ ಗೊತ್ತಾಗುತ್ತಲ್ಲೇ ಎಂದುಕೊಂಡೇ ತೋಫು ತರಲು ಹೊರಟೆ.

ಇವರು ಮಾತ್ರ ಮೀನನ್ನೇ ನೋಡುತ್ತಿದ್ದಾರೆ, ಕಡ್ಡಿ ಅದರ ಹೊಟ್ಟೆಯಡಿಗೆ ಹೋಗುತ್ತಿದೆ, ಏನ್ರೀ ಅದು, ಬೇಡ, ಮಗುಚಬೇಡಿ, ದೋಣಿಯವರ ವಂಶ ನಿಮ್ಮದು, ತಟ್ಟೆಯಲ್ಲಿ ಮೀನು ಮಗುಚಿದರೆ ಕಡಲಲ್ಲಿ ದೋಣಿ ಮಗುಚುತ್ತದೆ ಎನ್ನುವವರು, ಮಗುಚಿದ ಗಿರಾಕಿಯ ಕೈಯಿಂದ ತಟ್ಟೆ ಕಿತ್ತುಕೊಂಡು ನಿನ್ನ ದುಡ್ಡೂ ಬೇಡ ನಡಿ ಆಚೆ ಎಂದವರು, ಕೆಳಮಗ್ಗುಲ ಕೆನ್ನೆ ನಮ್ಮಲ್ಲಿ ತಲೆಯ ಜೊತೆ ಬೆಕ್ಕಿಗೇ ಹೋಗುತ್ತಿತ್ತು — ಮಗುಚಿದರು. ದೇವರೇ, ಎಲ್ಲಿ ಯಾರ ದೋಣಿ ಮಗುಚಿತೋ, ಮಗುಚಲಿ ಬಿಡು, ಪ್ರತಿ ಮೀನಿಗೂ ಎರಡು ಕೆನ್ನೆ ಇತ್ತಲ್ಲ, ಯಾರೂ ಆಕ್ಷನ್ ಎಂದಿಲ್ಲ, ಇವರು ಕೆಳಗಿನ ಕೆನ್ನೆ ಎತ್ತಿ ಆ ಹುಡುಗಿಯ ಬಟ್ಟಲು ದಾಟಿದರು, ನೆಲದ ತಂತಿಗಳನ್ನು ದಾಟಿದರು, ಕೆಳಗೆ ಇನ್ನೊಂದು ಅಂಗೈ ಒಡ್ಡಿಕೊಂಡು ಕ್ಯಾಮೆರಾದ ಪಕ್ಕದ ಮಗಳ ಕಡೆಗೇ ಹೋಗುತ್ತಿದ್ದಾರೆ, ಕಬ್ಬಿಣದ ಬಾಣಲೆ ಒಂದೇ ಕೈಯಲ್ಲಿ ಎಸೆದು ಹಿಡಿಯುವ ಮನುಷ್ಯ ಉಗುರಿನಷ್ಟು ಮೀನಿಗೆ ಎರಡೂ ಕೈ ಕೊಟ್ಟಿದ್ದಾರೆ, ನನ್ ಹತ್ರ ಬಟ್ಟಲಿಲ್ಲ ಅಪ್ಪಾ, ಬಾಯಿ ಇದ್ಯಲ್ಲಾ, ತೆಗಿಯೇ ನೋಯೆಮಿ, ಬಿದ್ದುಹೋಗುತ್ತೆ, ಕಡ್ಡಿಯ ತುದಿಯಲ್ಲಿ ಕೆನ್ನೆ, ಬಾಯಿ ತೆಗಿಯೇ ನನ್ನ ತಾಯಿ, ಕಡ್ಡಿಯ ತುದಿಯಲ್ಲಿ ಕೆನ್ನೆ