ಶಾಲೆ ತೋಟದ ನುಗ್ಗೆಸೊಪ್ಪು

೧೯೭೯ರ ಯುಗಾದಿ ಕಳೆದು ಹತ್ತು ದಿನಕ್ಕೆ ಭರಮಣ್ಣನ ಹೆಂಡತಿ ತಿಮ್ಮವ್ವ ತೀರಿಕೊಂಡಳು. ಮೂವತ್ತೆಂಟರ ವಯಸ್ಸಿಗೆ ನಿಂತ ಬಸಿರು ಐದನೇ ತಿಂಗಳಿಗೆ ಇಳಿದು ಹೋಯಿತು, ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯ ಡಾಕ್ಟರು, "ಮೈಯಾಗೆ ಮೊದಲೇ ರಕ್ತ ಇರ್ಲಿಲ್ಲ, ಹೆಂಗೆ ತಡೀತಾಳೆ" ಎಂದಷ್ಟೇ ಹೇಳಿದರು.

ಭರಮಣ್ಣ ಅಳಲಿಲ್ಲ. ಉಂಡರೆ ಉಪ್ಪು ಖಾರವೂ ತಿಳಿಯುತ್ತಿರಲಿಲ್ಲ. ಮಣ್ಣು ಮಾಡಿ ಬಂದ ನಾಲ್ಕನೇ ದಿನಕ್ಕೆ ದಾವಣಗೆರೆಯ ಮುನಿಸಿಪಾಲಿಟಿ ಪಾರ್ಕಿಗೆ ಕೆಲಸಕ್ಕೆ ಹೋದ. ಅಲ್ಲಿ ಹದಿನಾರು ವರ್ಷದಿಂದ ಅವನು ಮಾಲಿ. ಆದರೆ ಈಗ ನೀರಿನ ಪೈಪು ಹಿಡಿದು ನಿಂತರೆ ನಿಂತೇ ಬಿಡುತ್ತಿದ್ದ. ಗುಲಾಬಿ ಪಾತಿ ತುಂಬಿ ದಾರಿಯ ಮೇಲೆ ನೀರು ಹರಿದು, ವಾಕಿಂಗ್ ಬಂದವರು ಬೈದರೂ ಕಾಲು ಕದಲುತ್ತಿರಲಿಲ್ಲ. ಎರಡು ಸಲ ಹೀಗಾದ ಮೇಲೆ ಆಫೀಸಿನ ಬಂಗಾರಪ್ಪನವರು ಕರೆಸಿದರು.

"ನೋಡು ಭರಮಣ್ಣ, ಊರಾಗಿನ ಎಂಟು ಶಾಲೆಗೆ ಮುನಿಸಿಪಾಲಿಟಿಯಿಂದ ತೋಟ ಮಾಡ್ಸೋ ಯೋಜನೆ ಬಂದೈತೆ. ಮಕ್ಕಳೇ ಸೊಪ್ಪು, ತರಕಾರಿ ಬೆಳೀಬೇಕು, ಮಧ್ಯಾಹ್ನದ ಉಪ್ಪಿಟ್ಟಿಗೆ ಹಾಕ್ಕೊಂಡು ತಿನ್ನಬೇಕು. ಏನು ತಿಂದ್ರೆ ಏನು ಆಗತೈತಿ ಅಂತ ಟೀಚರ್ರು ಪಾಠ ಮಾಡ್ತಾರೆ. ನಿನ್ನ ನಿಜಲಿಂಗಪ್ಪ ಬಡಾವಣೆ ಕಡೆ ಶಾಲೆಗೆ ಹಾಕೀನಿ. ಹೋಗ್ತೀಯಾ?"

"ಹೂಂ ರಿ" ಎಂದ ಭರಮಣ್ಣ. ಪಾರ್ಕಾದರೇನು, ಶಾಲೆಯಾದರೇನು.

ಶಾಲೆಯ ಹಿಂದಿನ ಜಾಗ ಬರೀ ಗರಸು ನೆಲ. ಒಂದು ಮೂಲೆಯಲ್ಲಿ ಹಳೆಯ ನುಗ್ಗೆಮರ ಬಿಟ್ಟರೆ ಬೇರೇನೂ ಇರಲಿಲ್ಲ. ಕಂಬಳಿಹುಳ ಆಗುತ್ತದೆಂದು ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಭರಮಣ್ಣ ಅಗೆದು, ಕಲ್ಲು ಆಯ್ದು, ಗೊಬ್ಬರ ಹಾಕಿ, ಒಂದೊಂದು ಕ್ಲಾಸಿಗೆ ಎರಡೆರಡು ಮಡಿ ಮಾಡಿಕೊಟ್ಟ. ಮಕ್ಕಳು ಮೆಂತ್ಯ, ಹರಿವೆ, ಪುಂಡಿ ಬಿತ್ತಿದರು. ನಾಲ್ಕನೇ ದಿನ ಮೊಳಕೆ ಕಂಡಾಗ ಕುಣಿದಾಡಿದರು. "ಅಜ್ಜಾ, ಬಂದೈತೆ ನೋಡು!" ಎಂದು ಕೈ ಹಿಡಿದು ಎಳೆದರು. ಬಗ್ಗಿ ನೋಡಿದ. ಬಂದಿತ್ತು. ಎದ್ದು ನೀರು ಸೇದಲು ಶಾಲೆಯ ಮುಂದಿನ ಬಾವಿಯ ಕಡೆ ಹೋದ.

ಪಾಠ ಮಾಡುವವರು ಖತೀಜಾಬೀ ಎಂಬ ಅಕ್ಕೋರು. ಮದುವೆಯಾಗದೆ ತಾಯಿಯ ಜೊತೆ ಇದ್ದ, ಮಾತು ಕಡಿಮೆಯ ಹೆಂಗಸು. ಎರಡು ವಾರದ ತರಬೇತಿ ಪಡೆದು, ಸುರುಳಿ ಸುತ್ತಿದ ಪಟಗಳನ್ನು ತಂದಿದ್ದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಐದನೇ ಕ್ಲಾಸಿನ ಕಿಟಕಿಯ ಕೆಳಗೆ ಭರಮಣ್ಣ ಹರಿವೆ ಸಸಿಗಳ ನಡುವಿನ ಕಳೆ ಕೀಳುತ್ತಿದ್ದ. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಪಕ್ಕದವರ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು ನೋಡ್ರಿ. ಒಳಗೆ ಕೆಂಪಗಿರಬೇಕು. ಬೆಳ್ಳಗಿದ್ರೆ ರಕ್ತ ಕಮ್ಮಿ ಅಂತ ಅರ್ಥ. ಅಂಥೋರಿಗೆ ನಾಕು ಮೆಟ್ಟಿಲು ಹತ್ತಿದ್ರೆ ತೇಕು ಬರ್ತದೆ. ಕೆಲವರಿಗೆ ಹಸಿ ಅಕ್ಕಿ, ಮಣ್ಣು ತಿನ್ನಬೇಕು ಅನ್ನಿಸ್ತದೆ. ಅದು ಕೆಟ್ಟ ಚಟ ಅಲ್ಲ, ಮೈ ಕೇಳೋದು. ನಿಮ್ಮ ಮನೇಲಿ ಅವ್ವ, ಅಕ್ಕ ಯಾರಾದ್ರೂ ಹಂಗೆ ಮಾಡ್ತಿದ್ರೆ ನಗಬ್ಯಾಡ್ರಿ. ನಂಗೆ ಬಂದು ಹೇಳ್ರಿ. ನುಗ್ಗೆಸೊಪ್ಪು ತಿಂದ್ರೆ ರಕ್ತ ಹೆಚ್ತದೆ."

ಕಳೆಯ ಬದಲು ಹರಿವೆ ಸಸಿಗಳನ್ನೇ ಕಿತ್ತು ಗುಡ್ಡೆ ಹಾಕಿದ್ದೇನೆಂದು ಭರಮಣ್ಣನಿಗೆ ಗೊತ್ತಾದದ್ದು ಗಂಟೆ ಹೊಡೆದ ಮೇಲೆ. ಅಕ್ಕೋರು ಹೊರಗೆ ಬಂದಾಗ ಎದ್ದು ನಿಂತ.

"ಅಕ್ಕೋರೆ, ಅದರಿಂದ ಸಾಯ್ತಾರೇನ್ರಿ?"

"ಯಾವುದರಿಂದ?"

"ರಕ್ತ ಕಮ್ಮಿ ಅಂದ್ರಲ್ಲ."

"ಬಸುರಿ ಬಾಣಂತೇರಿಗೆ ಕಷ್ಟ ಆಗ್ತದೆ ಭರಮಣ್ಣ. ಒಮ್ಮೊಮ್ಮೆ ಸಾಯೋದೂ ಉಂಟು. ಯಾಕೆ?"

"ಸುಮ್ನೆ ಕೇಳ್ದೆ ರಿ" ಎಂದು ಕಿತ್ತ ಸಸಿಗಳನ್ನು ಮತ್ತೆ ನೆಡಲು ಕೂತ.

ಆ ಭಾನುವಾರ ಹರಿಹರದ ಬಸ್ಸು ಹತ್ತಿದ. ಒಬ್ಬಳೇ ಮಗಳು ಹಾಲವ್ವನನ್ನು ಅಲ್ಲಿಗೆ ಕೊಟ್ಟಿದ್ದ. ಅಳಿಯ ನಿಂಗಪ್ಪ ಕಾರ್ಖಾನೆಯಲ್ಲಿ ಕೂಲಿ. ಹಾಲವ್ವನಿಗೆ ನಾಲ್ಕು ತಿಂಗಳು. ತಾಯಿಯ ದಿನಕರ್ಮ ಮುಗಿದ ಮೇಲೆ ಅಪ್ಪ ಇತ್ತ ಬಂದದ್ದೇ ಇಲ್ಲ. ಹಾಗಾಗಿ ಅವಳು ಬಾಗಿಲಲ್ಲೇ ಅಳಲು ಶುರುಮಾಡಿದಳು. ಭರಮಣ್ಣ ಸಮಾಧಾನ ಮಾಡಲಿಲ್ಲ. ಬೆಳಕಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದ. ಸುಣ್ಣದ ಗೋಡೆಯಂತಿತ್ತು.

ಬೀಗಿತಿ ದ್ಯಾಮವ್ವ ಒಳಗಿನಿಂದ ನೋಡಿದಳು. "ಏನ್ ಬೀಗ್ರೆ, ಮಗಳ ಕಣ್ಣಾಗೆ ಏನು ಹುಡುಕಾಕ ಹತ್ತೀರಿ? ನಾವೇನು ಉಪಾಸ ಕೆಡವೀವಾ?"

"ಅಕ್ಕಿ ತಿಂತಾಳೇನ್ರಿ ಇವ್ಳು?"

"ತಿಂತಾಳೆ. ಡಬ್ಬಿ ಮುಚ್ಚಿಟ್ರೂ ಬಿಡಲ್ಲ. ಬಯಕೆ, ಬಿಡ್ರಿ."

ಮುಂದಿನ ವಾರದಿಂದ ಭರಮಣ್ಣ ಶನಿವಾರ ಸಂಜೆ ನುಗ್ಗೆಮರದ ಎಳೆ ಸೊಪ್ಪು ಕಿತ್ತು, ಒದ್ದೆ ಟವೆಲ್ಲಿನಲ್ಲಿ ಕಟ್ಟಿಟ್ಟು, ಭಾನುವಾರ ಮಗಳ ಮನೆಗೆ ಒಯ್ಯತೊಡಗಿದ. ಹರಿಹರದಲ್ಲಿ ದ್ಯಾಮವ್ವ ಅದನ್ನು ಒಲೆಗೆ ಏರಿಸುತ್ತಿರಲಿಲ್ಲ. "ಬಸುರಿಗೆ ನುಗ್ಗೆಸೊಪ್ಪಾ? ಉಷ್ಣ ಆಗಿ ಬಸಿರು ಇಳಿದ್ರೆ ಯಾರು ಹೊಣೆ?" ಎಂದು ಹಿತ್ತಲಿನ ಮೇಕೆಯ ಮುಂದೆ ಹಾಕುತ್ತಿದ್ದಳು. ಭರಮಣ್ಣ ಜಗಳವಾಡಲಿಲ್ಲ. ಮೇಕೆ ತಿನ್ನುವುದನ್ನು ನೋಡಿಕೊಂಡು ಕೂತು, ಬಸ್ಸಿನ ಹೊತ್ತಾದಾಗ ಎದ್ದು ಬರುತ್ತಿದ್ದ. ಮರುವಾರ ಮತ್ತೆ ಒಯ್ಯುತ್ತಿದ್ದ.

ನಾಲ್ಕನೇ ಶನಿವಾರ ಗೇಟಿನ ಹತ್ತಿರ ಹೆಡ್ ಮಾಸ್ತರು ಮೈಲಾರಲಿಂಗಪ್ಪನವರು ತಡೆದರು. "ಏನೋ ಅದು ಗಂಟು? ಬಿಚ್ಚು."

ಬಿಚ್ಚಿದ.

"ಮಕ್ಕಳ ಸೊಪ್ಪು ಕದ್ದು ಸಂತೇಲಿ ಮಾರ್ತೀಯಾ? ರಿಪೋರ್ಟ್ ಮಾಡ್ತೀನಿ ನೋಡು."

"ಮಾಡ್ರಿ" ಎಂದ ಭರಮಣ್ಣ. ದನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಅದರಿಂದಲೇ ಮಾಸ್ತರಿಗೆ ಹೆಚ್ಚು ಸಿಟ್ಟು ಬಂತು. ಕೂಗಾಟ ಕೇಳಿ ಖತೀಜಾಬೀ ಬಂದರು.

"ಯಾರಿಗೆ ಒಯ್ತೀಯಾ ಭರಮಣ್ಣ?"

"ಮಗಳಿಗೆ ರಿ. ಹರಿಹರದಾಗೆ. ರೆಪ್ಪೆ ಬೆಳ್ಳಗೈತೆ."

"ತಿಂತಾಳಾ?"

"ಇಲ್ರಿ. ಮೇಕೆ ತಿಂತೈತೆ."

ಮೈಲಾರಲಿಂಗಪ್ಪನವರು ನಗಲು ಹೋದವರು ಅವನ ಮುಖ ನೋಡಿ ಕನ್ನಡಕ ತೆಗೆದು ಒರೆಸಿದರು. "ಮರದ ಸೊಪ್ಪು ಯಾರೂ ತಿನ್ನಲ್ಲ, ಒಯ್ಯಿ. ಆದ್ರೆ ಕೇಳಿ ಒಯ್ಯಬೇಕಪ್ಪ" ಎಂದು ಒಳಗೆ ಹೋದರು. ಖತೀಜಾಬೀ, "ನಾಳೆ ನಾನೂ ಬರ್ತೀನಿ" ಎಂದರು.

ಬಸ್ಸಿನಲ್ಲಿ ಅಕ್ಕೋರು ಮುಂದಿನ ಸೀಟಿನಲ್ಲಿ, ಭರಮಣ್ಣ ಹಿಂದಿನದರಲ್ಲಿ. ಅರ್ಧ ದಾರಿ ಆದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ. "ನಮ್ಮನೆಯಾಕೆ ಅಕ್ಕಿ ತಿಂತಿದ್ಲು ಅಕ್ಕೋರೆ. ಎದುರಿಗೇ ತಿಂತಿದ್ಲು. ಇಲಿ ಬಂತು ನೋಡು ಅಂತ ನಗಾಡ್ತಿದ್ದೆ. ಹದಿನಾರು ವರ್ಷ ಕೈಯಾಗೆ ಮಣ್ಣು, ನೀರು ಎರಡೂ ಇತ್ತು. ಮನೆ ಹಿಂದೆ ಒಂದು ಮಡಿ ಸೊಪ್ಪು ಹಾಕ್ಲಿಲ್ಲ."

ಖತೀಜಾಬೀ ತಿರುಗಿ ನೋಡಲಿಲ್ಲ. "ನಮ್ಮ ಅಮ್ಮೀನೂ ಗೋಡೆ ಮಣ್ಣು ತಿಂತಿದ್ರು. ಟ್ರೈನಿಂಗಿಗೆ ಹೋಗೋತನಕ ನಂಗೂ ಗೊತ್ತಿರ್ಲಿಲ್ಲ" ಎಂದರು.

ದ್ಯಾಮವ್ವ ಕಟ್ಟೆಯ ಮೇಲೆ ಚಾಪೆ ಹಾಸಿದಳು, ಒಳಗೆ ಕರೆಯಲಿಲ್ಲ. ಖತೀಜಾಬೀ ಅಲ್ಲೇ ಕೂತು ನೀರು ಕುಡಿದರು. ಪಟವನ್ನೂ ಬಿಚ್ಚಲಿಲ್ಲ, ಪಾಠವನ್ನೂ ಹೇಳಲಿಲ್ಲ. ಹಾಲವ್ವನ ಕಣ್ಣು ನೋಡಿದರು. ಆಮೇಲೆ, "ಯಕ್ಕಾ, ನೀವೂ ಸ್ವಲ್ಪ ಹಿಂಗೆ ಬರ್ರಿ" ಎಂದರು.

"ನಂದ್ಯಾಕ್ರಿ? ನಾನೇನು ಬಸುರಿ ಏನು?"

"ಬರ್ರಿ, ನೋಡೋಣ."

ದ್ಯಾಮವ್ವ ನಾಚಿಕೊಂಡು ಮುಖ ಒಡ್ಡಿದಳು. ಅಕ್ಕೋರು ರೆಪ್ಪೆ ಎಳೆದು, "ನಿಮ್ದು ಸೊಸೆಗಿಂತ ಬೆಳ್ಳಗೈತೆ. ಕೊಡ ಹೊತ್ತು ಬಂದ್ರೆ ಎದೆ ಹೊಡ್ಕೊಳ್ಳಲ್ವಾ?" ಎಂದರು.

"ವಯಸ್ಸಾತು ಅಂತಿದ್ದೆ" ಎಂದಳು ದ್ಯಾಮವ್ವ. "ಏಳು ಹೆತ್ತೀನಿ. ಯಾರೂ ನೋಡಿದ್ದಿಲ್ಲ."

"ನುಗ್ಗೆಸೊಪ್ಪು ಮೊದಲು ನೀವು ತಿನ್ರಿ. ಉಷ್ಣ ಆದ್ರೆ ನಿಮಗಾಗ್ಲಿ. ಹದಿನೈದು ದಿನ ನೋಡಿ ಸೊಸೆಗೆ ಹಾಕ್ರಿ. ಸೊಪ್ಪೊಂದೇ ಸಾಲದು, ಆಸ್ಪತ್ರೆ ನರ್ಸಮ್ಮ ಕೆಂಪು ಮಾತ್ರೆ ಕೊಡ್ತಾರೆ, ಅದು ಇವತ್ತಿನಿಂದ್ಲೇ ಬೇಕು."

"ಮಾತ್ರೆ ನುಂಗಿದ್ರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಅಂತಾರಲ್ರಿ?"

"ರಕ್ತ ಇಲ್ದೆ ಹೆರೋದು ಅದಕ್ಕಿಂತ ಕಷ್ಟ ಯಕ್ಕಾ. ಹಾಲವ್ವನ ಅವ್ವ ಹಂಗೇ ಹೋದ್ರು."

ದ್ಯಾಮವ್ವ ಬೀಗರ ಕಡೆ ನೋಡಿದಳು. ಭರಮಣ್ಣ ಚಪ್ಪಲಿಯ ಉಂಗುಷ್ಟ ಸರಿಮಾಡುತ್ತಿದ್ದ. ಅವಳು ಗಂಟು ಎತ್ತಿಕೊಂಡು ಒಳಗೆ ಹೋದಳು. ಒಗ್ಗರಣೆಯ ಸದ್ದು ಕಟ್ಟೆಯವರೆಗೆ ಕೇಳಿತು.

ಆಮೇಲಿನ ವಾರಗಳಲ್ಲಿ ಹಿತ್ತಲಿನಲ್ಲಿ ಮೇಕೆಗೆ ಬರೀ ದಂಟು ಸಿಕ್ಕಿತು. ಹಾಲವ್ವ ಮಾತ್ರೆ ನುಂಗಿ ವಾಂತಿ ಮಾಡಿಕೊಂಡಳು, ಎರಡು ವಾರ ಬಿಟ್ಟಳು, ನಿಂಗಪ್ಪ ಬೈದ ಮೇಲೆ ಮತ್ತೆ ಶುರುಮಾಡಿದಳು. ಭರಮಣ್ಣ ವಾರವಾರವೂ ಬಂದು ರೆಪ್ಪೆ ಎಳೆದು ನೋಡುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ತುಸು ನಸುಗೆಂಪು ಕಂಡಂತಾಯಿತು. ಕಂಡಿತೋ, ಬೆಳಕಿಗೆ ಹಾಗೆ ಅನ್ನಿಸಿತೋ ಅವನಿಗೆ ಖಾತ್ರಿಯಾಗಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ನಿಂಗಪ್ಪ ಸೈಕಲ್ ತುಳಿದುಕೊಂಡು ಶಾಲೆಗೆ ಬಂದ. "ಮಾವ, ಹೆರಿಗೆ ಆತು. ಹೆಣ್ಣು. ದಾವಣಗೆರೆ ಆಸ್ಪತ್ರೆಗೆ ಬೆಳಿಗ್ಗೆನೇ ಕರ್ಕೊಂಡು ಬಂದ್ವಿ. ರಕ್ತ ಭಾಳ ಹೋತು. ಆದ್ರೆ ತಡ್ಕೊಂಡಾಳೆ ಅಂದ್ರು ಡಾಕ್ಟ್ರು."

ಭರಮಣ್ಣ ತಲೆಯಾಡಿಸಿದ. ಎರಡು ಸಾಲಿಗೆ ನೀರು ಬಾಕಿ ಇತ್ತು, ಹಾಕಿ ಮುಗಿಸಿದ. ಕೈಕಾಲು ತೊಳೆದುಕೊಂಡು ಸೈಕಲ್ಲಿನ ಹಿಂದೆ ಕೂತ.

ಆಸ್ಪತ್ರೆಯಲ್ಲಿ ಹಾಲವ್ವ ಕಣ್ಣು ಮುಚ್ಚಿ ಮಲಗಿದ್ದಳು. ಎದೆ ಏರಿಳಿಯುವುದನ್ನು ಭರಮಣ್ಣ ಬಹಳ ಹೊತ್ತು ನೋಡಿದ. ನರ್ಸು ಕೂಸನ್ನು ಅವನ ಕೈಗೆ ಕೊಟ್ಟಳು. ಹೇಗೋ ಹಿಡಿದುಕೊಂಡ. ಸಂತೋಷ ಬರುತ್ತದೆಂದು ಕಾದ. ಬರಲಿಲ್ಲ. ಅಳುವೂ ಬರಲಿಲ್ಲ. ಕೂಸು ಬೆಚ್ಚಗಿತ್ತು, ಅಷ್ಟು ತಿಳಿಯಿತು. ವಾಪಸ್ಸು ಕೊಟ್ಟು ವರಾಂಡಕ್ಕೆ ಬಂದ.

ದ್ಯಾಮವ್ವ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಳು. "ಊಟ ಮಾಡೀರೇನ್ ಬೀಗ್ರೆ?"

ಅವನಿಗೆ ನೆನಪಾಗಲಿಲ್ಲ.

"ಕೂಡ್ರಿ ಇಲ್ಲಿ" ಎಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟಳು. ಭರಮಣ್ಣ ಮುರಿದು ಬಾಯಿಗಿಟ್ಟ, ಅಗಿದ, ನುಂಗಿದ. ಇನ್ನೊಂದು ತುತ್ತು ಬಾಯಿಗಿಟ್ಟ.

"ಉಪ್ಪು ಜಾಸ್ತಿ ಆಗೈತೆ" ಎಂದ.

"ಗಡಿಬಿಡಿಯಾಗೆ ಎರಡು ಸಲ ಹಾಕೀನಿ ಕಾಣ್ತೈತೆ. ಆಗ್ಲಿ, ತಿನ್ರಿ" ಎಂದಳು ದ್ಯಾಮವ್ವ.

ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.